ಹಿಂದಿನ ಸಾಲಿನ ಸಮಯ

ಆ ಸೋಮವಾರ ಊಟಕ್ಕೆ ಮನೆಗೆ ಬಂದಾಗ ತಂಗಿ ಲ್ಯಾಪ್‌ಟಾಪ್ ಎದುರು ಕೈಕಟ್ಟಿ ಕೂತಿದ್ದಳು. ಕೊಳ್ಳೇಗಾಲದ ನಮ್ಮ ಮನೆಯಿಂದಲೇ ಒಂದು ಕಂಪನಿಗೆ ಕೆಲಸ ಮಾಡುತ್ತಿದ್ದಳು. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಇದೆ ಎಂಬಂತೆ ನಡೆಸುತ್ತಾರಂತೆ, ಅದಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಅದು ಆನ್ ಆದೊಡನೆ ಮೊದಲು ಓಡುವ ಫರ್ಮ್‌ವೇರ್ ಬರೆಯುವುದು ಅವಳ ಕೆಲಸ.

"ಏನವ್ವ, ಊಟ ಇಲ್ವಾ?"

"ಇದು ಸಿಕ್ಕಾಕ್ಕೊಂಡದೆ ಕಣಣ್ಣ. ಬೆಳಗಿಂದ ಏಳ್ತಾನೇ ಇಲ್ಲ."

ಮುದ್ದೆ ಇಕ್ಕುತ್ತಾ ಹೇಳಿದಳು. ಒಳಗೆ ನಾಲ್ಕು ಪ್ರೊಸೆಸರ್, ನಾಲ್ಕಕ್ಕೂ ಬೇರೆ ಬೇರೆ ಗಡಿಯಾರ. ಒಂದರಲ್ಲಿ ಶುರುವಾದ ಕೆಲಸ ಇನ್ನೊಂದಕ್ಕೆ ಹೋದಾಗ ಅಲ್ಲಿನ ಗಡಿಯಾರ ಹಿಂದಿದ್ದರೆ, ಮುಗಿದ ಸಮಯ ಶುರುವಿಗಿಂತ ಮುಂಚೆ ಬರುತ್ತದೆ. ಲೆಕ್ಕ ತಲೆಕೆಳಗಾಗಿ, ಒಂದು ಕ್ಷಣ ಕಾಯಬೇಕಾದ್ದು ಕಾಯುತ್ತಲೇ ನಿಂತುಬಿಡುತ್ತದೆ.

"ನಮ್ ಸ್ಟ್ಯಾಂಡಲ್ಲಿ ಇದು ದಿನಾ ಆಯ್ತದೆ" ಎಂದೆ. ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್, ಬಸ್ಸು ಬಂದ ಸಮಯ ಬರೆಯುವವನು. ಕಂಡಕ್ಟರುಗಳ ಟಿಕೆಟ್ ಮಷೀನುಗಳಲ್ಲಿ ಒಂದೊಂದರಲ್ಲಿ ಒಂದೊಂದು ಟೈಮು. ಹನೂರಿನ ಬಸ್ಸನ್ನು ಹತ್ತೂ ಹದಿನೈದಕ್ಕೆ ಬರೆದಿದ್ದರೆ, ಅದರ ಹಿಂದೆಯೇ ಬಂದ ಯಳಂದೂರಿನವನು ಹತ್ತೂ ಹನ್ನೆರಡು ಎನ್ನುತ್ತಾನೆ.

"ಆಗ ಏನ್ ಮಾಡೀಯೆ?"

"ಹಿಂದಿನ ಸಾಲಿನ ಟೈಮ್ನೇ ಇನ್ನೊಂದ್ಸಲ ಬರೀತೀನಿ."

"ಕಳ್ಳ!" ಎಂದು ನಕ್ಕಳು. ಎಂಜಲು ಕೈ ತೊಳೆದು ಹೋಗಿ ಏನೋ ಬರೆದಳು. ಕೊನೆಗೆ ಕೊಟ್ಟ ಸಮಯವನ್ನು ನೆನಪಿಟ್ಟುಕೋ, ಅದಕ್ಕಿಂತ ಕಡಿಮೆ ಬಂದರೆ ಹಳೆಯದನ್ನೇ ಕೊಡು, ಅಷ್ಟೆ. ಮಷೀನು ಎದ್ದಿತು.

"ನಮ್ ಕಂಪನೀಲಿ ನಿಂಗೊಂದು ಕುರ್ಚಿ ಹಾಕುಸ್ತೀನಿ ಇರು! ಆದ್ರೆ ಇದು ಬರೀ ಸಿಕ್ಕಾಕ್ಕೊಳ್ದೇ ಇರೋಕೆ ಕಣಣ್ಣ. ಯಾವ್ದು ಎಷ್ಟ್ ಹಿಂದದೆ ಅಂತ ಗೊತ್ತಾಗ್ಬೇಕಂದ್ರೆ ಎರಡು ಗಡಿಯಾರಾನೂ ಒಟ್ಗೇ ನೋಡ್ಬೇಕು."

ಮರುದಿನ ಪಕ್ಕದ ಮನೆಯವರು ಆಸ್ಪತ್ರೆಯಿಂದ ಫೋನ್ ಮಾಡಿದರು. "ತಂಗಿಗೆ ಎದೆನೋವು, ಕರ್ಕೊಂಡ್ ಬಂದಿವ್ನಿ. ಬಿರ್ನೆ ಬನ್ನಿ."

"ಹನೂರ್ ಬಸ್ಸು ಬರೋ ಹೊತ್ತು. ಅದೊಂದ ಬರೆದ್ಬುಟ್ಟು ಬತ್ತೀನಿ" ಎಂದೆ. ಎದೆನೋವೆಂದರೆ ಗ್ಯಾಸ್ಟ್ರಿಕ್ ಇರಬೇಕು ಎಂದುಕೊಂಡಿದ್ದೆ.

ಕರೆ ಬಂದದ್ದು ಹನ್ನೊಂದೂವರೆಗೆ, ನನ್ನ ಫೋನಿನಲ್ಲಿ ಈಗಲೂ ಇದೆ. ಬಸ್ಸು ಬಂದದ್ದು ಹನ್ನೊಂದೂ ನಲವತ್ತಕ್ಕೆ. ಆಸ್ಪತ್ರೆಗೆ ಸ್ಕೂಟರಿನಲ್ಲಿ ಐದೇ ನಿಮಿಷ. ನಾನು ಹೋಗುವಷ್ಟರಲ್ಲಿ ಅವಳು ಹೋಗಿದ್ದಳು. ಸಾವಿನ ಚೀಟಿಯಲ್ಲಿ ನರ್ಸ್ ಗೋಡೆ ಗಡಿಯಾರ ನೋಡಿ ಬರೆದ ಸಮಯ ಹನ್ನೊಂದೂ ನಲವತ್ತೆರಡು.

ಕರೆ ಬಂದಾಗಲೇ ಎದ್ದಿದ್ದರೆ ಏಳು ನಿಮಿಷ ಅವಳ ಜೊತೆ ಇರುತ್ತಿದ್ದೆ. ಆ ಗಡಿಯಾರ ಏಳು ನಿಮಿಷಕ್ಕಿಂತ ಹೆಚ್ಚು ಮುಂದಿದ್ದರೆ, ಹೇಗೆ ಓಡಿದ್ದರೂ ಸಿಗುತ್ತಿರಲಿಲ್ಲ. ತಿಥಿ ಮುಗಿದ ಮೇಲೆ ಫೋನ್ ಹಿಡಿದು ಆಸ್ಪತ್ರೆಗೆ ಹೋದೆ. ಗೋಡೆಯದೂ ಫೋನಿನದೂ ಸರಿಯಾಗಿ ಕೂಡಿದವು.

"ಮುಂದಕ್ಕೆ ಓಡ್ತಿತ್ತು ಸಾ. ಮೊನ್ನೆ ಬ್ಯಾಟ್ರಿ ಹಾಕೋವಾಗ ಸರಿ ಮಾಡುದ್ವಿ" ಎಂದಳು ನರ್ಸ್.

"ಎಷ್ಟು ಮುಂದಿತ್ತವ್ವ?"

"ಅದ ಯಾರ್ ನೋಡಿದ್ರು ಸಾ?"

ದಿನವೂ ನಿಲ್ದಾಣದ ಅದೇ ಕುರ್ಚಿಯಲ್ಲಿ ಕೂರುತ್ತೇನೆ. ಹನ್ನೊಂದೂವರೆಯಾದರೆ ಏಳಲಾರೆ, ಹನೂರಿನ ಬಸ್ಸು ಬರಬೇಕು, ಬರೆಯಬೇಕು. ಫೋನಿನಲ್ಲಿ ಕರೆಯ ಸಮಯವಿದೆ, ಪುಸ್ತಕದಲ್ಲಿ ಬಸ್ಸಿನ ಸಮಯವಿದೆ, ಬೀರುವಿನಲ್ಲಿ ಚೀಟಿ ಇದೆ. ಆ ದಿನ ಆ ಗಡಿಯಾರ ಎಷ್ಟು ಮುಂದಿತ್ತು ಎಂಬುದು ಇಲ್ಲ.