ಹುಣಸೆಹಣ್ಣು ಮುಟ್ಟದ ಜಾಗ

ಪುಣೆ ಕ್ಯಾಂಪಿನ ಬೆಳ್ಳಿ ಅಂಗಡಿಗಳ ಓಣಿಯಲ್ಲಿ ಇನ್ನೂ ಒಂದೂ ಶಟರ್ ಮೇಲೆದ್ದಿಲ್ಲ. ಚನ್ನವೀರ ಅವರ ಅಂಗಡಿಯ ಮೆಟ್ಟಿಲ ಮೇಲೆ ಶಿವಗಂಗವ್ವ ಆಗಲೇ ಕುಳಿತಿದ್ದಾರೆ. ಮುಂದೆ ಸ್ಟೀಲಿನ ತಾಟು, ಸಣ್ಣ ತಕ್ಕಡಿ, ಭೂತಗನ್ನಡಿ. ಹಳೆಯ ಬೆಳ್ಳಿ ನಾಣ್ಯ ಅಸಲಿಯೋ ಖೊಟ್ಟಿಯೋ ಎಂದು ಹೇಳುವುದು ಅವರ ಕೆಲಸ. ನಾಣ್ಯದ ದನಿ ಕೇಳಬೇಕೆಂದರೆ ರಿಕ್ಷಾಗಳ ಗದ್ದಲ ಶುರುವಾಗುವ ಮೊದಲೇ ಕೇಳಬೇಕು.

ಈ ಬೆಳಿಗ್ಗೆ ಊರಂಚಿನ ಕಾತ್ರಜದಿಂದ ಇಬ್ಬರು ಬಂದಿದ್ದಾರೆ: ಕಟ್ಟಡ ಕೆಲಸದ ಯಮನವ್ವ ಮತ್ತು ಅವರ ಸೊಸೆ ಸೋನಾಲಿ. ಸೊಸೆಯ ಕೈಯಲ್ಲಿ ಬಟ್ಟೆ ತುಂಬಿದ ಚೀಲವಿದೆ. ಅತ್ತೆಯೇ ಕಟ್ಟಿಸಿ ತಂದದ್ದು. ಯಮನವ್ವ ಸೆರಗಿನ ಗಂಟು ಬಿಚ್ಚಿ, ಕೊಂಡಿ ಬೆಸೆದ, ರಾಣಿಯ ಮುಖವಿರುವ ರೂಪಾಯಿಯೊಂದನ್ನು ಮುಂದೆ ಚಾಚುತ್ತಾರೆ.

“ಕೈಯಾಗ ಕೊಡಬ್ಯಾಡ್ರಿ, ತಾಟಿನ್ಯಾಗ ಇಡ್ರಿ.” ಶಿವಗಂಗವ್ವ ಬಳೆಗಳನ್ನು ಮೇಲೆ ಸರಿಸಿ ಎರಡೂ ಅಂಗೈ ತೋರಿಸುತ್ತಾರೆ. “ಆಮ್ಯಾಲ ಈಕಿನೇ ಬದಲಿ ಮಾಡಿದಳು ಅಂದ್ರ ನಾ ಏನ್ ಮಾಡ್ಲಿ?”

“ಬದಲಿ ಮಾಡಿದಾಕಿ ಇಲ್ಲೇ ನಿಂತಾಳ್ರಿ,” ಯಮನವ್ವ ಸೊಸೆಯತ್ತ ಗದ್ದ ತಿರುವುತ್ತಾರೆ. “ನಮ್ಮತ್ತಿ ಕೊರಳಾಗಿನ ರೂಪಾಯಿ. ದೇವರ ಜಗಲಿ ಮ್ಯಾಲ ಕರ್ರಗ ಇತ್ತು. ಈಕಿ ತವರಿಗಿ ಹೋಗಿ ಬಂದ ಮ್ಯಾಲ ಹಿಂಗ ಹೊಳೀಲಾಕತ್ತದ. ಕಲ್ಲಿಗಿ ಬಡದ್ರ ತಟ್ ಅಂತದ. ಖೊಟ್ಟಿ ಅಂದ್ರ ಇವತ್ತೇ ಊರಿನ ಬಸ್ ಹತ್ತಸ್ತೀನಿ. ಮಗ ದತ್ತೂನೂ ಹೂಂ ಅಂದಾನ.”

“ಹಬ್ಬ ಬಂತಂತ ಹುಣಸಿಹಣ್ಣ ಹಚ್ಚಿ ತಿಕ್ಕೀನ್ರಿ, ಅಷ್ಟೇ.” ಸೋನಾಲಿಯ ದನಿ ಕೇಳಿಸುವುದೇ ಕಷ್ಟ.

ಬಾಗಲಕೋಟೆ ಕಡೆಯ ಶಿವಗಂಗವ್ವ ಮದುವೆಯಾಗಿ ಈ ಊರಿಗೆ ಬಂದವರು. ಗಂಡ ಸಿದ್ದಾರೂಢ ಇದೇ ಓಣಿಯಲ್ಲಿ ನಾಣ್ಯ ಪರೀಕ್ಷಿಸುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಇವರು ನೋಡಿ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಮೆಟ್ಟಿಲು ಇವರದಾಯಿತು. ದಿನಕ್ಕೆ ನಾಲ್ಕೈದು ನಾಣ್ಯ ಬರುತ್ತವೆ, ಹೆಚ್ಚಿನವು ಖೊಟ್ಟಿ. ಪಾಯ ತೋಡುವಾಗ ಸಿಕ್ಕಿತೆಂದು ನಂಬಿಸಿ ಮಾರುವವರಿದ್ದಾರೆ. ಅಂಥವನೊಬ್ಬ ಹೋದ ವರ್ಷ ಪಕ್ಕದಲ್ಲಿ ಕುಳಿತು, “ಮಾವಶಿ, ತೋಂಡ್ ಸಾಂಭಾಳಾ” ಎಂದ. ಬಾಯಿ ಬಿಗಿಹಿಡಿ ಎಂದರ್ಥ. ನಗುತ್ತಲೇ ಅಂದಿದ್ದ. ಆ ದಿನದಿಂದ ಶಿವಗಂಗವ್ವ ಮನೆಗೆ ಹೋಗುವಾಗ ಹಿಂದೆ ತಿರುಗಿ ನೋಡುತ್ತಾರೆ. ಈ ಕೆಲಸ ಬಿಡು ಎಂದು ಮಗಳು ಶಿವಾನಿ ಜಗಳಾಡುತ್ತಾಳೆ.

“ಖೊಟ್ಟಿ ಮಾರೋರ ಧಮಕಿಗಿಂತ ಇಂಥಾದಕ್ಕ ಭಾಳ ಅಂಜತೇನ್ರಿ,” ಎಂದು ಅವರು ಚೀಲದ ಕಡೆ ಕಣ್ಣು ಹಾಯಿಸುತ್ತಾರೆ. “ನಾ ಒಂದು ಮಾತು ಅಂದ್ರ ಒಬ್ಬಾಕಿ ಬಾಳೇ ಹೋಗತದ.”

ನಾಣ್ಯವನ್ನು ತಾಟಿನ ಮೇಲೆಯೇ ಬೆರಳ ತುದಿಯಲ್ಲಿ ಹಿಡಿದು ಇನ್ನೊಂದು ನಾಣ್ಯದಿಂದ ತಟ್ಟುತ್ತಾರೆ. ಸದ್ದು ಮೊಂಡು.

“ಕೇಳಿದೇನ?” ಎನ್ನುತ್ತಾರೆ ಯಮನವ್ವ ಸೊಸೆಗೆ.

ಶಿವಗಂಗವ್ವ ನಾಣ್ಯವನ್ನು ತಕ್ಕಡಿಗೆ ಹಾಕುತ್ತಾರೆ. ತೂಗುತ್ತಾರೆ. ಅಂಚಿನ ಗೀರುಗಳನ್ನು ಸುತ್ತಲೂ ನೋಡುತ್ತಾರೆ. ಎರಕ ಹೊಯ್ದ ನಾಣ್ಯವಾದರೆ ಅಲ್ಲಿ ಸಣ್ಣದೊಂದು ಸೇರುಗೆರೆ ಕಾಣುತ್ತದೆ. ಕೊನೆಗೆ ಕೊಂಡಿಯ ಸಂದಿಗೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ಹಾಗೇ ಇರುತ್ತಾರೆ.

“ಅಸಲಿ ಅದ.”

“ಮತ್ತ ದನಿ?”

“ಕೊಂಡಿ ಬೆಸದ ನಾಣ್ಯ ಸರಿ ದನಿ ಕೊಡಂಗಿಲ್ರಿ. ದೇವರ ರೂಪಾಯಿ ಮೊದಲ ಯಾವಾಗರ ಬಡದ ನೋಡಿದ್ರೇನು?”

“ದೇವರದ್ದು ಸುಮ್ಮಸುಮ್ಮನ ಯಾರರ ಬಡೀತಾರೇನ್ರಿ!”

“ಮತ್ತ ಮೊದಲಿನ ದನಿ ನಿಮಗ ಹೆಂಗ ಗೊತ್ತು? ಈ ಸಂದ್ಯಾಗ ನೋಡ್ರಿ. ಹುಣಸಿಹಣ್ಣ ಮುಟ್ಟಿಲ್ಲ. ನಿಮ್ಮ ಹಳೇ ಕರಿ ಇಲ್ಲೇ ಕುಂತದ.”

ಯಮನವ್ವ ಎರಡು ಸಲ ಇಣುಕಿ ನೋಡುತ್ತಾರೆ. “ಇಷ್ಟ್ಯಾಕ ತಿಕ್ಕಬೇಕಿತ್ತ, ಹುಚ್ಚಿ,” ಎಂದು ಸೊಸೆಯನ್ನೇ ಗದರಿ, ನಾಣ್ಯವನ್ನು ಗಂಟು ಹಾಕಿಕೊಂಡು ಮುಂದೆ ನಡೆಯುತ್ತಾರೆ. ತಪ್ಪಾಯಿತು ಎಂಬ ಮಾತಿಲ್ಲ.

ಓಣಿಯ ತಿರುವಿನಿಂದ ಸೋನಾಲಿ ಒಬ್ಬಳೇ ಓಡಿ ಬರುತ್ತಾಳೆ. “ಅವ್ವಾರ, ಖೊಟ್ಟಿ ಇದ್ದಿದ್ರ?”

“ಖೊಟ್ಟಿ ಅಂತಿದ್ದೆ, ತಂಗಿ.”

ಹುಡುಗಿಯ ಮುಖದ ಬಣ್ಣ ಇಳಿಯುತ್ತದೆ.

“ಹಂಗ ಅಂದು, ಈ ಮೆಟ್ಟಲ ಇಳದು ನಿನ್ನ ಬಾಜೂಕ ಬಂದು ನಿಂದರ್ತಿದ್ದೆ.”