ಮೆತ್ವಲ್ಲಿಯ ಕೊನೆಮುಟ್ಟದ ಚಟಾಕಿ

ಮಹಲ್ಲಾ ಪಟ್ಟಣದ ನಮ್ಮ ಓಣಿಯಲ್ಲಿ ಮೆತ್ವಲ್ಲಿಯಷ್ಟು ನಗಿಸುವವನು ಇನ್ನೊಬ್ಬನಿಲ್ಲ. ನೂಲಿನ ಗಿರಣಿಯ ಹತ್ತಿ ಬಿಡಿಸುವ ಕೋಣೆಯಲ್ಲೇ ಅವನ ಮೀಸೆ ಚಿಗುರಿತು, ಅಲ್ಲೇ ನರೆಯಿತು. ಧೂಳು ಎದೆಯಲ್ಲಿ ಮನೆಮಾಡಿತು. ಶುಕ್ರವಾರದ ರಜೆ ಮುಗಿಸಿ ಶನಿವಾರ ಒಳಗೆ ಕಾಲಿಟ್ಟರೆ ಸಾಕು, ಉಸಿರು ಕಟ್ಟುತ್ತಿತ್ತು. ಇದು ಗಿರಣಿ ಕೊಟ್ಟ ರೋಗವೆಂದು ವಿಮಾ ಕಚೇರಿಯ ವೈದ್ಯರು ಬರೆದುಕೊಟ್ಟರೆ ಪಿಂಚಣಿ. ಇಲ್ಲದಿದ್ದರೆ ಮತ್ತೆ ಅದೇ ಧೂಳು.

ಮೊದಲ ಸಲ ಒಬ್ಬನೇ ಹೋಗಿ ಕೆಲಸ ಕೆಡಿಸಿಕೊಂಡು ಬಂದ. ಅವಸರದಲ್ಲಿದ್ದ ಎಳೆಯ ವೈದ್ಯ ಹೇಗಿದ್ದೀರಿ ಎಂದು ಕೇಳಿದನಂತೆ. ಇವನು ಎದೆಯ ಮೇಲೆ ಕೈಯಿಟ್ಟು, ದೇವರ ದಯೆ, ಮಲ್ಲಿಗೆಯ ಹಾಗಿದ್ದೇನೆ ಎಂದನಂತೆ. ನಮ್ಮಲ್ಲಿ ಸಾಯುತ್ತಿರುವವನೂ ಹಾಗೇ ಹೇಳುತ್ತಾನೆ. ಬೇರೆ ಹೇಳಿದರೆ ದೇವರ ಮೇಲೆ ದೂರು ಕೊಟ್ಟಂತೆ. ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಆರೋಗ್ಯವಂತ ಎಂದು ಬರೆದು ಕಳಿಸಿದ. ಕೇಳಿ ನನಗೆ ಮೈಯೆಲ್ಲ ಉರಿಯಿತು.

ಮೇಲ್ಮನವಿಯ ದಿನ ಹೆಂಡತಿ ಇನ್ಶಿರಾಹ್ ಜೊತೆಗೆ ಹೊರಟಳು. ಪಕ್ಕದ ಮನೆಯವನೆಂದು ನಾನೂ ಹೋದೆ. ಈ ಸಲ ಹಿರಿಯ ವೈದ್ಯೆ ಶಾಹಿನಾಜ್ ಕೂತಿದ್ದರು.

"ಡಾಕ್ಟ್ರಮ್ಮ, ಇವರನ್ನ ಹೇಗಿದ್ದೀರಿ ಅಂತ ಮಾತ್ರ ಕೇಳ್ಬೇಡಿ," ಎಂದಳು ಇನ್ಶಿರಾಹ್. "ಒಂದು ಚಟಾಕಿ ಹೇಳೋಕೆ ಹೇಳಿ."

ಮೆತ್ವಲ್ಲಿಗೆ ಅಷ್ಟೇ ಬೇಕಾಗಿತ್ತು. ಗಿರಣಿಯ ಮೇಸ್ತ್ರಿಯೊಬ್ಬ ಕತ್ತೆ ಕೊಳ್ಳಲು ಸಂತೆಗೆ ಹೋದ ಎಂದು ಶುರುಮಾಡಿದ. ಸಂತೆ ತಲುಪುವಷ್ಟರಲ್ಲಿ ಕೆಮ್ಮು. ಮತ್ತೆ ಮೊದಲಿಂದ ಹೇಳಿದ. ಇದು ಎಷ್ಟು ದುಡಿಯುತ್ತದೆ ಎಂದು ಮೇಸ್ತ್ರಿ ಕೇಳಿದನೆನ್ನುವಲ್ಲಿ ಮೇಜು ಹಿಡಿದುಕೊಂಡ. ತುಟಿ ಆಡಿತು, ದನಿ ಬರಲಿಲ್ಲ. ಹೆಂಡತಿಯ ಕಡೆ ನೋಡಿದ.

"ಮಾರೋನು ಅಂದ, ಶುಕ್ರವಾರ ರಜಾ, ಮಿಕ್ಕ ದಿನ ಮೇಸ್ತ್ರಿಕೆ," ಎಂದು ಅವಳು ಮುಗಿಸಿದಳು. ಆಮೇಲೆ ಮೆಲ್ಲಗೆ, "ಎಷ್ಟೋ ವರ್ಷದಿಂದ ಇವರ ಚಟಾಕಿಗಳ ಕೊನೆ ನಾನೇ ಹೇಳ್ತಿರೋದು," ಎಂದಳು.

ವೈದ್ಯೆ ಜೋರಾಗಿ ನಕ್ಕರು, ಆಮೇಲೆ ಎಳೆಯ ವೈದ್ಯ ಬರೆದಿದ್ದ ಕಾಗದವನ್ನು ಪಕ್ಕಕ್ಕೆ ಸರಿಸಿದರು.

ಶನಿವಾರ ಅವರೇ ಗಿರಣಿಗೆ ಬಂದು, ಕೆಲಸಕ್ಕೆ ಮುಂಚೆ ಒಮ್ಮೆ, ಬಿಟ್ಟ ಮೇಲೊಮ್ಮೆ ಕೊಳವೆ ಊದಿಸಿ ಉಸಿರು ಅಳೆದರು. ಸಂಜೆಯ ಉಸಿರು ಬೆಳಗಿನದಕ್ಕಿಂತ ತೀರಾ ಕುಗ್ಗಿತ್ತು. ಹತ್ತಿಯ ಧೂಳಿನದೇ ರೋಗ ಎಂದು ಅಲ್ಲೇ ಬರೆದು ಸಹಿ ಹಾಕಿದರು. ಕಾಗದ ಚಾಚುತ್ತಾ, ಅಭ್ಯಾಸಬಲದಿಂದ, "ಈಗ ಹೇಗಿದ್ದೀರಿ ಹಾಜಿಗಳೇ?" ಎಂದುಬಿಟ್ಟರು.

ಮೆತ್ವಲ್ಲಿ ಎದೆಯ ಮೇಲೆ ಕೈಯಿಟ್ಟು ಬಾಯಿ ತೆರೆದ. ಇನ್ಶಿರಾಹ್ ಅಂಗೈಯಿಂದ ಅದನ್ನು ಮುಚ್ಚಿದಳು.

"ಕಾಗದ ನನ್ನ ಕೈಗೆ ಬರಲಿ. ಆಮೇಲೆ ಮಲ್ಲಿಗೆಯಾದ್ರೂ ಆಗಿ, ಗುಲಾಬಿಯಾದ್ರೂ ಆಗಿ."