ಅಜ್ಜಿ ಎದ್ದು ನಿಂತರೆ

ಅವರ ಎತ್ತರ ಐದಡಿಗೂ ಕಡಿಮೆ. ಬಲಗೈಯಲ್ಲಿ ಊರುಗೋಲು, ಉಣ್ಣೆಯ ಸಾಕ್ಸ್ ಮೇಲೆ ಹವಾಯಿ ಚಪ್ಪಲಿ. ಆದರೂ ಅವರು ಎದ್ದು ನಿಂತರೆ ಆರಡಿಯ ಗಂಡಸರೂ ತೆಪ್ಪಗೆ ಕೂತುಬಿಡುತ್ತಿದ್ದರು.

ಕೊಲಿಂಡೇಲ್ ಎಂಬ ಈ ಪರದೇಶದ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನ ಅಜ್ಜಿ. ಧಾರವಾಡದಿಂದ ಮದುವೆಯಾಗಿ ಕೆನಡಾಕ್ಕೆ ಹೋಗಿ, ಶಾಲೆಯಲ್ಲಿ ಪಾಠ ಹೇಳಿ, ಎರಡು ಚುನಾವಣೆ ಸೋತು, ಮೂರನೆಯದನ್ನು ಹಟದಿಂದ ಗೆದ್ದು, ಕೊನೆಗೆ ಅಲ್ಲಿನ ಒಂದು ಪ್ರಾಂತ್ಯದ ಶಾಸನಸಭೆಗೆ ಸ್ಪೀಕರ್ ಆದವರು. ನಿವೃತ್ತರಾಗಿ ಇಲ್ಲಿದ್ದ ಡಾಕ್ಟರ್ ಮಗಳ ಮನೆಗೆ ಬಂದವರನ್ನು ನಮ್ಮ ನಿವಾಸಿಗಳ ಸಂಘ ಅಧ್ಯಕ್ಷೆಯಾಗಿಸಿತು. "ಸ್ಪೀಕರ್ ಎದ್ದರ ಮುಖ್ಯಮಂತ್ರಿನೂ ಕೂಡಬೇಕು. ಇಲ್ಲೂ ಅದೇ ಪದ್ಧತಿ," ಎಂದು ಮೊದಲ ದಿನವೇ ನನಗೆ ಹೇಳಿದ್ದರು.

ನೆಲಮಹಡಿಯ ಹಾಲ್‌ನಲ್ಲಿ ಶನಿವಾರ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವ ಏಜೆಂಟ್ ಅದನ್ನು ಎಲ್ಲರ ಕೊರಿಯರ್ ಬೀಗ ಹಾಕಿಡುವ ಪಾರ್ಸೆಲ್ ರೂಮ್ ಮಾಡಲು ಹೊರಟ. ಅಜ್ಜಿಗೂ ಅದೇ ಬೇಕಿತ್ತು. ಕೊರಿಯರ್‌ನವರು ಬಾಗಿಲ ಮುಂದಿಟ್ಟ ಅವರ ಔಷಧಿ ಎರಡು ಸಲ ಕಳುವಾಗಿತ್ತು. ನನ್ನ ಕ್ಲಾಸಿನ ಕಥೆ ಮುಗಿಯಿತು ಎಂದುಕೊಂಡೆ.

ಸಂಘದ ಸಭೆಯಲ್ಲಿ, ಬಾಡಿಗೆಗಿದ್ದ ನಾನು ಬಾಯಿ ತೆರೆದದ್ದೇ ತಡ, ಬಾಡಿಗೆಯವರು ಮಾತಾಡುವಂತಿಲ್ಲ ಎಂದ ಏಜೆಂಟ್. ಅಜ್ಜಿ ಎದ್ದರು. ಅವನು ಮಾತು ನಿಲ್ಲಿಸಲಿಲ್ಲ. ಇವರೂ ತುಟಿ ಬಿಚ್ಚದೆ, ಅವನು ಮುಜುಗರದಿಂದ ಕೂರುವವರೆಗೆ ನಿಂತೇ ಇದ್ದರು. ಆಮೇಲೆ ನನ್ನತ್ತ ತಿರುಗಿ, "ಈಗ ಮಾತಾಡು ತಂಗಿ. ನಡಗಬ್ಯಾಡ," ಎಂದರು. ಮಕ್ಕಳ ಕ್ಲಾಸಿನ ಬಗ್ಗೆ ಮಾತಾಡಿದೆ.

ಸ್ವಂತದ್ದಾಗಲಿ ಬಾಡಿಗೆಯದಾಗಲಿ, ಮನೆಗೊಂದು ಮತ. ಎರಡೂ ಕಡೆ ಸಮ ಬಂತು. ನಿರ್ಣಾಯಕ ಮತ ಅಜ್ಜಿಯದು. ಹಾಲ್ ಹಾಗೇ ಇರಲಿ ಎಂದು ಕೈ ಎತ್ತಿದರು.

"ನಮ್ ಕಡೆ ನಿಂತ್ರಿ ಅಜ್ಜಿ, ತುಂಬಾ ಥ್ಯಾಂಕ್ಸ್," ಎಂದೆ ಲಿಫ್ಟಿನಲ್ಲಿ.

ರೇಗಿಬಿಟ್ಟರು. "ನಿನ್ನ ಕಡೆ ಯಾರ ನಿಂತಾರ? ಪಾರ್ಸೆಲ್ ರೂಮ್ ನನಗ ಇವತ್ತೂ ಬೇಕು! ಸಮ ಬಂದಾಗ ಅಧ್ಯಕ್ಷರ ಕುರ್ಚಿಯಾಗ ಕೂತಾಕಿ ಇದ್ದದ್ದನ್ನ ಕೆಡವಬಾರದು. ಮಾತು ಇನ್ನೂ ನಡೀಬೇಕು. ಗೆಲ್ಲೋದು ನಿನ್ನ ಕೆಲಸ."

ಹೋದ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಸಂಘದವರು ಅವರ ಜಾಗಕ್ಕೆ ನನ್ನನ್ನು ಕೂರಿಸಿದರು. ತಿಂಗಳು ಕಳೆಯುವುದರೊಳಗೆ ಏಜೆಂಟ್ ಪಾರ್ಸೆಲ್ ರೂಮಿನ ಪ್ರಸ್ತಾಪವನ್ನು ಸಭೆಗೆ ಮತ್ತೆ ತಂದ. ಕುರ್ಚಿಯಲ್ಲಿದ್ದ ನಾನು ನನ್ನದೇ ಕ್ಲಾಸಿನ ಪರ ಒಂದು ಮಾತೂ ಆಡುವಂತಿರಲಿಲ್ಲ. ಹಿಂದಿನ ಸಾಲಿನಲ್ಲಿ ಬಾಡಿಗೆಯ ಹುಡುಗಿಯೊಬ್ಬಳು ಕೈ ಎತ್ತಿದಳು. ಬಾಡಿಗೆಯವರಿಗೆ ಮಾತಾಡುವ ಹಕ್ಕಿಲ್ಲ ಎಂದು ಏಜೆಂಟ್ ಮತ್ತೆ ಶುರು ಮಾಡಿದ.

ನಾನು ಎದ್ದು ನಿಂತೆ. ಅವನು ಮಾತು ನಿಲ್ಲಿಸುವವರೆಗೆ ಅಜ್ಜಿಯಂತೆ ನಿಂತೇ ಇದ್ದೆ.

ಅವನು ಕೂತ.